ಮ್ಯಾನಿಕಿನ್ ಹೊಟ್ಟೆಯಿಂದ ಮಗುವಿನ ಚಿತ್ರ ಜಾರುತ್ತಿದ್ದರೆ

ಮೇಡಂ, ಬೀದರ್‌ನ ಗರ್ಭಿಣಿಯ ತಪಾಸಣೆ ಕಲಿಸುವ ನಿಮ್ಮ ಸ್ಕಿಲ್ ಲ್ಯಾಬಿನಲ್ಲಿ, ಚಿತ್ರ ಎಲ್ಲಿ ನಿಲ್ಲಬೇಕೆಂದು ತೋರಿಸುವ ಕ್ಯೂಆರ್ ಕೋಡ್ ಅಂಟಿಸಿದರೂ, ಎದುರಿನ ವಸ್ತುವಿನ ಮೇಲೆ ಚಿತ್ರ ಮೂಡಿಸುವ ಎಆರ್ ಹೆಡ್‌ಸೆಟ್‌ನಲ್ಲಿ ಮಗುವಿನ ತ್ರೀಡಿ ಚಿತ್ರ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಹೊಟ್ಟೆ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ ಅಂದಿರಿ. ಮೊದಲು ಬೆಳಕು ನೋಡಿ. ನೇರ ಬಿಸಿಲು ಬಿದ್ದರೆ, ಇಲ್ಲವೇ ಗೋಡೆಯೆಲ್ಲ ಖಾಲಿ ಬಿಳಿ ಇದ್ದರೆ ಹೆಡ್‌ಸೆಟ್‌ನ ಕ್ಯಾಮೆರಾಕ್ಕೆ ಗುರುತು ಹಿಡಿಯಲು ಏನೂ ಸಿಗುವುದಿಲ್ಲ. ಪರದೆ ಎಳೆದು ಟ್ಯೂಬ್‌ಲೈಟ್ ಹಾಕಿ, ಗೋಡೆಗೆ ನಾಲ್ಕಾರು ಚಾರ್ಟ್ ಅಂಟಿಸಿ. ಕ್ಯೂಆರ್ ಮಂಚಕ್ಕಲ್ಲ, ಮ್ಯಾನಿಕಿನ್‌ನ ಸೊಂಟದ ಗಟ್ಟಿ ಭಾಗಕ್ಕೇ ಇರಲಿ. ಮಿರುಗುವ ಲ್ಯಾಮಿನೇಷನ್ ಬೇಡ. ವಿದ್ಯಾರ್ಥಿ ಬದಲಾದಾಗಲೆಲ್ಲ ಹೆಡ್‌ಸೆಟ್‌ನಲ್ಲಿ ಎರಡು ಕಣ್ಣುಗಳ ನಡುವಿನ ಅಂತರ ಹೊಂದಿಸಲೇಬೇಕು.

ಇದಕ್ಕಿಂತ ಮುಖ್ಯವಾದದ್ದು: ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ಎಂದು ತಿಳಿಯುವ ಲಿಯೋಪೋಲ್ಡ್‌ನ 4 ಹಿಡಿತಗಳನ್ನು ಚಿತ್ರ ಆಫ್ ಮಾಡಿಯೇ ಮಾಡಿಸಿ. ಬೆನ್ನು ಯಾವ ಕಡೆ, ತಲೆ ಎಲ್ಲಿ ಎಂದು ಬಾಯಿಬಿಟ್ಟು ಹೇಳಿದ ಮೇಲಷ್ಟೇ ಆನ್ ಮಾಡಿ. ಮಗುವಿನ ಎದೆಬಡಿತ ಸಾಮಾನ್ಯವಾಗಿ ಬೆನ್ನಿನ ಕಡೆಯೇ ಚೆನ್ನಾಗಿ ಕೇಳುವುದರಿಂದ, ಇಲ್ಲಿ ಕೈ ತಪ್ಪಿದರೆ ಎದೆಬಡಿತ ಕೇಳಿಸುವ ಡಾಪ್ಲರ್ ಉಪಕರಣ ಇಡುವ ಜಾಗವೂ ತಪ್ಪುತ್ತದೆ.