ವಿಮಾನ ಹತ್ತಿದ ಮೇಲೂ ಮನೆಯ ಫೋನ್ ಬರುತ್ತದೆ

ನಿಮ್ಮ ಪ್ರಶ್ನೆ: ದಾವಣಗೆರೆಯ ಹುಡುಗಿಯೊಬ್ಬಳು ಕುಡಿದು ಬಡಿಯುವ ಅಪ್ಪನಿಂದ ಪಾರಾಗಿ, ನರ್ಸಿಂಗ್ ಓದಿ, ಜರ್ಮನಿಯಲ್ಲಿ ಹೊಸ ಬದುಕು ಕಟ್ಟಿಕೊಳ್ಳುವ ಕಾದಂಬರಿ ಬರೆದಿದ್ದೀರಿ. ಮೊದಲರ್ಧಕ್ಕೆ ಕರಗಿದವರು ಎರಡನೆಯ ಅರ್ಧವನ್ನು ನಂಬುತ್ತಿಲ್ಲ, ಏಕೆ?

ನಾನು ದಾವಣಗೆರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಹೇಳುವವಳು. ನಿಮ್ಮ ನಾಯಕಿಯಂಥವರನ್ನು ಕಂಡಿದ್ದೇನೆ. ನೀವು ಕೊಟ್ಟಿರುವ ಸಾರಾಂಶದಲ್ಲಿ ಅವಳು ವಿಮಾನ ಹತ್ತಿದ ಕೂಡಲೇ ಅಪ್ಪ ಕಥೆಯಿಂದ ಮಾಯವಾಗುತ್ತಾನೆ. ತೊಡಕು ಅಲ್ಲೇ ಇದೆ. ನಮ್ಮ ಕಡೆ ಎಷ್ಟೋ ಸಲ ಮನೆ ಬಿಟ್ಟು ಹೋದ ಮಗಳೇ ಆ ಮನೆಯನ್ನು ಸಾಕುತ್ತಾಳೆ. ಮೊದಲ ಸಂಬಳ ಕೈಸೇರುವ ಮುನ್ನವೇ ಸಾಲದ ಲೆಕ್ಕ ಅವಳ ಮೊಬೈಲಿಗೆ ಬಂದಿರುತ್ತದೆ. ತಂಗಿಯ ಫೀಸು, ಅಮ್ಮನ ಮಾತ್ರೆ, ಕೊನೆಗೆ ಅದೇ ಅಪ್ಪನ ಲಿವರ್ ಚಿಕಿತ್ಸೆ. 'ಎಷ್ಟಾದರೂ ಹೆತ್ತ ತಂದೆಯಲ್ಲವೇನಮ್ಮಾ' ಎಂದು ಸೋದರಮಾವ ಬೆಳಿಗ್ಗೆ ಒಂಬತ್ತಕ್ಕೆ ಕರೆ ಮಾಡುತ್ತಾನೆ. ಬೇಸಿಗೆಯಲ್ಲಾದರೆ ಜರ್ಮನಿಯಲ್ಲಿ ಆಗ ಐದೂವರೆ, ಅವಳು ಬೆಳಗಿನ ಪಾಳಿಗೆ ಹೊರಟ ಹೊತ್ತು. ದುಡ್ಡು ಕಳಿಸುತ್ತಾಳೋ ಇಲ್ಲವೋ? ನಿಮ್ಮ ದ್ವಿತೀಯಾರ್ಧವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಲ್ಲಬಲ್ಲದು.

ಆ ಕರೆ ಮುಗಿಸಿ ಅವಳು ವಾರ್ಡಿಗೆ ಹೋಗಲಿ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಊಟ ಮಾಡಿಸುವುದು, ಮೈ ಒರೆಸುವುದು ಹೆಚ್ಚಾಗಿ ಮನೆಯವರ, ಆಯಾಗಳ ಪಾಲಿಗೆ. ಜರ್ಮನಿಯಲ್ಲಿ ಅದೂ ನರ್ಸಿನದೇ ಕೆಲಸ. ಇಲ್ಲಿ ಓದಿದವರು ಅಲ್ಲಿನ ಮಾನ್ಯತೆ ಸಿಗುವವರೆಗೆ ಸಹಾಯಕಿಯಾಗಿ ದುಡಿಯಬೇಕು, ಬಿ2 ಎಂಬ ಮೇಲ್ಮಧ್ಯಮ ಮಟ್ಟದವರೆಗೆ ಜರ್ಮನ್ ಭಾಷೆಯನ್ನೂ ಕಲಿಯಬೇಕು. ಮರೆವಿನ ಕಾಯಿಲೆಯ ಮುದುಕನೊಬ್ಬನ ಬೆನ್ನು ಒರೆಸುತ್ತಿದ್ದಾಳೆ ಎನ್ನಿ. ಅವನು ಗಾಬರಿಯಿಂದ ಕೈ ಎತ್ತುತ್ತಾನೆ. ಹೊಡೆಯುವುದಿಲ್ಲ, ಎತ್ತುತ್ತಾನೆ ಅಷ್ಟೇ. ಇವಳ ಮೊಣಕೈ ತಾನಾಗಿ ಮುಖಕ್ಕೆ ಅಡ್ಡ ಬರುತ್ತದೆ, ಬಟ್ಟೆ ಬೋಗುಣಿಗೆ ಬಿದ್ದು ನೀರು ಚೆಲ್ಲುತ್ತದೆ. ಆಮೇಲೆ ಅದೇ ಕೈಯಿಂದ ಅವನಿಗೆ ಅಂಗಿ ತೊಡಿಸಬೇಕು, ಗುಂಡಿ ಹಾಕಬೇಕು. ಈ ದೃಶ್ಯಕ್ಕೆ ಪುಟಗಳನ್ನು ಕೊಡಿ. ಹಿಮ, ಸೇತುವೆ, ಕಾಫಿ ಅಂಗಡಿಗಳ ವರ್ಣನೆಯನ್ನು ದಯವಿಟ್ಟು ಕಡಿಮೆ ಮಾಡಿ.

'ಎರಡು ವರ್ಷದಲ್ಲಿ ಎಲ್ಲ ಮರೆತಳು' ಎಂಬ ಸಾಲನ್ನು ತೆಗೆಯಿರಿ. ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ಮನೋಚಿಕಿತ್ಸೆಯೂ ಸೇರಿದೆ, ಆದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕನ್ನಡದಲ್ಲಿ ಗಂಟಲು ಕಟ್ಟುವ ಮಾತು ಹೊಸದಾಗಿ ಕಲಿತ ಭಾಷೆಯಲ್ಲಿ ಸಲೀಸಾಗಿ ಹೊರಬರಬಹುದು. ಆ ಭಾಷೆಯಲ್ಲಿ ಅವಳನ್ನು ಯಾರೂ ಬೈದಿಲ್ಲವಲ್ಲ! ಹೋದದ್ದರಿಂದ ಅವಳಿಗೆ ನಿಜವಾದ ಲಾಭವಾಗಿದೆ. ರಾತ್ರಿ ಚಿಲಕ ಹಾಕಿಕೊಂಡು ಮಲಗುವ ಕೋಣೆ ಸಿಕ್ಕಿರುವುದು ಸಣ್ಣ ಸಂಗತಿಯಲ್ಲ. ಅದನ್ನೂ ಮನಸ್ಸಿಟ್ಟು ಬರೆಯಿರಿ.

ಊರು ಬಿಡುವ ಅಧ್ಯಾಯವೂ ಅವಸರದ್ದು. ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆ ವಿಳಾಸದ ಮನೆಯ ಬಾಗಿಲಿಗೇ ಬರಬಹುದು, ಅಪ್ಪನಿಗೆ ಸುಳಿವು ಸಿಗುವುದು ಆಗಲೇ. 2016ರ ಡಿಸೆಂಬರ್‌ನಿಂದ ಅರ್ಜಿಯಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಬೇಕಿಲ್ಲ, ಒಬ್ಬರದಿದ್ದರೆ ಸಾಕು. ಅವಳು ಅಮ್ಮನ ಹೆಸರೊಂದನ್ನೇ ತುಂಬಬಹುದು. ಅಪ್ಪ ಅಂಕಪಟ್ಟಿಗಳನ್ನು ಬಚ್ಚಿಟ್ಟರೆ ಪರೀಕ್ಷಾ ಮಂಡಳಿಯಿಂದ ದ್ವಿಪ್ರತಿ ತರಿಸಬೇಕು. ಪಾರಾಗುವುದೆಂದರೆ ನಾನು ಕಂಡ ಹುಡುಗಿಯರಿಗೆ ಇಂಥ ಓಡಾಟವೇ.

ಇನ್ನು ತಂಗಿ. ಅವಳಿಗೆ ಹದಿನಾಲ್ಕು ಎಂದಿದ್ದೀರಿ, ಮೂರನೆಯ ಅಧ್ಯಾಯದ ನಂತರ ಅವಳ ಸುದ್ದಿಯೇ ಇಲ್ಲ. ಅಕ್ಕ ಹೋದ ಮೇಲೆ ಅಪ್ಪನ ಕೈಗೆ ಸಿಗುವವಳು ಅವಳೇ ಅಲ್ಲವೇ? ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ಮಗುವನ್ನು ಎಲ್ಲಿಡಬೇಕೆಂದು ತೀರ್ಮಾನಿಸಲು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯಿದೆ. ಅಕ್ಕ ಜರ್ಮನಿಯಿಂದ ಹಳೆಯ ಹಾಸ್ಟೆಲ್ ಗೆಳತಿಗೆ ಹೇಳಿ ಆ ಕರೆ ಮಾಡಿಸಲಿ. ಅದರಿಂದ ಅಮ್ಮ ಅವಳ ಜೊತೆ ಮಾತು ಬಿಟ್ಟರೂ ಬಿಡಲಿ.