ನೋಟ್‌ಬುಕ್ಕಿನ ಕಡೆಯ ಸಾಲಿನಲ್ಲಿದ್ದ ಶಾಲೆ

(ಪೋಷಕರ ಒಪ್ಪಿಗೆ ಪಡೆದು ಬರೆದ ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಐದನೆಯ ತರಗತಿ ಮುಗಿಸುತ್ತಿದ್ದ 11 ವರ್ಷದ ಮಗಳನ್ನು ಮನೆಗೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಆರನೆಯ ತರಗತಿಗೆ ಸೇರಿಸಬೇಕೆ, ಬೇಡವೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಆ ದಂಪತಿ ನನ್ನ ಬಳಿಗೆ ಬಂದಿದ್ದರು. ಮಗಳು ನಡೆದುಹೋಗಬಹುದು, ಅಕ್ಕಪಕ್ಕದ ಮಕ್ಕಳೇ ಜೊತೆಗಿರುತ್ತಾರೆ ಎಂಬುದು ತಂದೆಯ ವಾದ. ತಾಯಿಯ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಐದು ಶಾಲೆಗಳ ಪರೀಕ್ಷಾ ಫಲಿತಾಂಶದ ಸರಾಸರಿಯನ್ನು ಅಚ್ಚುಕಟ್ಟಾಗಿ ಬರೆದುಕೊಂಡಿದ್ದರು. ಹತ್ತಿರದ ಶಾಲೆಯ ಹೆಸರು ಕಡೆಯ ಸಾಲಿನಲ್ಲಿತ್ತು, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು.

"ಆ ಶಾಲೆಯ ಒಳಗೆ ಹೋಗಿ ನೋಡಿದ್ದೀರಾ?" ಎಂದು ಕೇಳಿದೆ. ಇಬ್ಬರೂ ಹೋಗಿರಲಿಲ್ಲ.

ಸರಾಸರಿ ಅಂಕ ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಮಕ್ಕಳ ಅಂಕಗಳ ನಡುವಿನ ವ್ಯತ್ಯಾಸಕ್ಕೆ ಶಾಲೆಯ ಸೌಲಭ್ಯಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣವೆಂದು ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅಮೆರಿಕದಲ್ಲಿ 1966ರಲ್ಲಿ ನೀಡಿದ ವರದಿ ಹೇಳಿತ್ತು. ಓದು ಬಲ್ಲ ಮನೆಗಳಿಂದ ಮಕ್ಕಳು ಬರುವ ಶಾಲೆಯ ಸರಾಸರಿ, ಅಲ್ಲಿನ ಪಾಠ ಸಾಧಾರಣವಾಗಿದ್ದರೂ, ಎತ್ತರದಲ್ಲೇ ನಿಲ್ಲಬಹುದು. ಆದ್ದರಿಂದ ಆರನೆಯ ತರಗತಿಗೆ ಬಂದಾಗ ಎಲ್ಲಿದ್ದ ಮಕ್ಕಳು ಎಂಟನೆಯದನ್ನು ಮುಗಿಸುವಾಗ ಎಲ್ಲಿಗೆ ಮುಟ್ಟಿದ್ದಾರೆ ಎಂದು ಕೇಳಬೇಕು. ಪರೀಕ್ಷೆ ಬರೆದವರು 20 ಮಕ್ಕಳಾದರೆ ಒಬ್ಬ ಮಗುವೇ ಶೇಕಡಾ 5 ಆಗುತ್ತದೆ ಎಂಬುದನ್ನೂ ಮರೆಯಬಾರದು. ತಾಯಿ ಇದನ್ನೆಲ್ಲ ಒಪ್ಪಿದರು, ಆದರೆ ಮುಖದ ಬಿಗಿ ಸಡಿಲವಾಗಲಿಲ್ಲ.

ಎರಡನೆಯ ಸಲ ಅವರೊಬ್ಬರೇ ಬಂದರು. ತಾವು ಆರನೆಯ ತರಗತಿಗೆ ಹೊಸ ಶಾಲೆ ಸೇರಿದ ವರ್ಷ ನಾಲ್ಕು ಹುಡುಗಿಯರು ದಿನವೂ ತಮ್ಮ ಬ್ಯಾಗ್ ಬಚ್ಚಿಡುತ್ತಿದ್ದುದನ್ನು, ಮಧ್ಯಾಹ್ನದ ಹೊತ್ತು ಮೆಟ್ಟಿಲಿನ ಕೆಳಗೆ ಒಬ್ಬರೇ ಕುಳಿತು ಊಟ ಮಾಡುತ್ತಿದ್ದುದನ್ನು ತಗ್ಗಿದ ದನಿಯಲ್ಲಿ ಹೇಳಿದರು. "ಇಡೀ ವರ್ಷ ಒಬ್ಬ ಟೀಚರಿಗೂ ಗೊತ್ತಾಗಲಿಲ್ಲ ಮೇಡಂ. ಇವರಿಗೂ ನಾನು ಇದನ್ನು ಹೇಳಿಲ್ಲ," ಎಂದರು.

ನಿಜವಾದ ಪ್ರಶ್ನೆ ಅಲ್ಲಿತ್ತು. ಅದು ಹಳೆಯ ಭಯವೆಂದು ಪಕ್ಕಕ್ಕೆ ಸರಿಸುವಂಥದ್ದಲ್ಲ, ಶಾಲೆಯನ್ನು ಅಳೆಯಲು ಅಂಕಪಟ್ಟಿಗಿಂತ ಒಳ್ಳೆಯ ಅಳತೆಗೋಲು ಎಂದು ನಾನು ಅವರಿಗೆ ಹೇಳಿದೆ. ಈ ಬಗೆಯ ಕಿರುಕುಳವನ್ನು ಅಧ್ಯಯನ ಮಾಡಿದ ನಾರ್ವೆಯ ಮನೋವಿಜ್ಞಾನಿ ಡಾನ್ ಓಲ್ವೇಯುಸ್ ಅದರ ಲಕ್ಷಣವಾಗಿ ಗುರುತಿಸಿದ್ದು, ಅದು ಮತ್ತೆ ಮತ್ತೆ ನಡೆಯುತ್ತದೆ ಮತ್ತು ಒಳಗಾದ ಮಗುವಿಗೆ ಎದುರು ನಿಲ್ಲುವ ಬಲವಿರುವುದಿಲ್ಲ ಎಂಬುದನ್ನು. ಅಂದ ಮೇಲೆ ಗಮನಿಸಬೇಕಾದವರು ದೊಡ್ಡವರೇ. ಆದರೆ ಈ ವಯಸ್ಸಿನಲ್ಲಿಯೇ ಒಬ್ಬ ತರಗತಿ ಶಿಕ್ಷಕಿಯ ಜಾಗದಲ್ಲಿ ವಿಷಯಕ್ಕೊಬ್ಬರಂತೆ ಶಿಕ್ಷಕರು ಬರುತ್ತಾರೆ, ಮಗುವನ್ನು ಪೂರ್ತಿಯಾಗಿ ಬಲ್ಲವರು ಯಾರೂ ಉಳಿಯುವುದಿಲ್ಲ. ತನ್ನ ಮಾತಿಗೆ ಬೆಲೆ ಬೇಕೆಂದು ಮಗು ಬಯಸುವ ಹೊತ್ತಿಗೇ ಶಾಲೆಯ ಕಟ್ಟುಪಾಡು ಬಿಗಿಯಾಗುತ್ತದೆ ಎಂಬುದನ್ನು ಜ್ಯಾಕ್ವೆಲಿನ್ ಎಕಲ್ಸ್ ಮತ್ತು ಕ್ಯಾರಲ್ ಮಿಡ್ಗ್ಲಿ ಎಂಬ ಸಂಶೋಧಕಿಯರು 1980ರ ದಶಕದಲ್ಲಿಯೇ ಎತ್ತಿ ತೋರಿಸಿದ್ದರು. ಇದು ಸರ್ಕಾರಿ ಶಾಲೆಗಷ್ಟೇ ಅಂಟಿದ ದೋಷವಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಪೋಷಕರ ಸಭೆಯ ದಿನವನ್ನು ಬಿಟ್ಟು, ಅನುಮತಿ ಕೇಳಿಕೊಂಡು ಒಂದು ಸಾಮಾನ್ಯ ದಿನ ಹೋಗಿ. ಒಂದು ಪಿರಿಯಡ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಐದು ನಿಮಿಷ ಕಾರಿಡಾರಿನಲ್ಲಿ ನಿಂತು, ಶಿಕ್ಷಕರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆಯೇ ಎಂದು ಕೇಳಿಸಿಕೊಳ್ಳಿ. ಮುಖ್ಯೋಪಾಧ್ಯಾಯರನ್ನು "ಇಲ್ಲಿ ಕಿರುಕುಳ ಇದೆಯೇ?" ಎಂದು ಕೇಳಬೇಡಿ, ಇಲ್ಲವೆಂಬ ಉತ್ತರ ಎಲ್ಲೆಡೆ ಸಿಗುತ್ತದೆ. "ಕಳೆದ ವರ್ಷ ಇದ್ದಕ್ಕಿದ್ದಂತೆ ಮಾತು ಬಿಟ್ಟ ಮಗುವೊಂದಿದ್ದರೆ, ಮೊದಲು ಗಮನಿಸಿದವರು ಯಾರು, ಆಮೇಲೆ ಏನು ಮಾಡಿದಿರಿ?" ಎಂದು ಕೇಳಿ. ಹಾಜರಿಯನ್ನೂ ವಿಚಾರಿಸಿ. ಹತ್ತರಲ್ಲಿ ಒಂದು ದಿನ ತಪ್ಪಿಸುವುದನ್ನು ಹಲವು ಕಡೆ ಗಂಭೀರ ಗೈರುಹಾಜರಿ ಎಂದು ಎಣಿಸುತ್ತಾರೆ. 180 ದಿನಗಳ ಶಾಲಾ ವರ್ಷದಲ್ಲಿ ಅದು 18 ದಿನ, ಅಂದರೆ ತಿಂಗಳಿಗೆ ಎರಡೇ ದಿನ, ಸುಲಭವಾಗಿ ಕಣ್ಣು ತಪ್ಪುವಂಥದ್ದು. ಮಕ್ಕಳ ಶೌಚಾಲಯವನ್ನು ನೋಡದೆ ಬರಬೇಡಿ. ಹೋಗುವ ಮೊದಲು ಮಗಳಿಗೆ ಏನು ತಿಳಿಯಬೇಕಾಗಿದೆಯೋ ಅದನ್ನೂ ಬರೆದುಕೊಳ್ಳಿ.

ಮಗಳ ಪ್ರಶ್ನೆ ಒಂದೇ ಆಗಿತ್ತು: ಊಟಕ್ಕೆ ಎಲ್ಲಿ ಕೂರಬೇಕೆಂದು ಯಾರು ಹೇಳುತ್ತಾರೆ? ಅದನ್ನು ಓದಿ ಹೇಳುವಾಗ ತಾಯಿಯ ಗಂಟಲು ಕಟ್ಟಿತು.

ಭೇಟಿಯ ನಂತರ ಇಬ್ಬರೂ ಒಟ್ಟಿಗೆ ಬಂದರು. ಗ್ರಂಥಾಲಯಕ್ಕೆ ಬೀಗ ಹಾಕಿತ್ತು. ಹುಡುಗಿಯರ ಶೌಚಾಲಯದ ಒಂದು ಬಾಗಿಲಿಗೆ ಚಿಲಕವಿರಲಿಲ್ಲ. ಆದರೆ ಗಣಿತದ ಶಿಕ್ಷಕಿ ತೋರಿಸಿದ ಒಂದು ನೋಟ್‌ಬುಕ್ಕಿನಲ್ಲಿ, ತಪ್ಪಾದ ಲೆಕ್ಕವನ್ನು ಅಡ್ಡಗೆರೆ ಎಳೆದು ಹೊಡೆದುಹಾಕುವ ಬದಲು, "ಮೂರನೆಯ ಹಂತದವರೆಗೆ ಸರಿಯಿದೆ, ಅಲ್ಲಿಂದ ಚಿಹ್ನೆ ನೋಡಿಕೋ" ಎಂದು ಬರೆದಿದ್ದರು. ಕೆಳಗೆ ಮಗು ಅದೇ ಲೆಕ್ಕವನ್ನು ಮತ್ತೆ ಮಾಡಿತ್ತು. ಮಾತು ಬಿಟ್ಟ ಮಗುವಿನ ಬಗ್ಗೆ ಕೇಳಿದಾಗ ಮುಖ್ಯೋಪಾಧ್ಯಾಯರು ತುಸು ಹೊತ್ತು ಸುಮ್ಮನಿದ್ದು, "ಒಂದು ಮಗುವಿನ ವಿಷಯದಲ್ಲಿ ನಮಗೆ ತಡವಾಗಿ ಗೊತ್ತಾಯಿತು. ಆಮೇಲೆ ಊಟದ ಹೊತ್ತಿನಲ್ಲಿ ಇಬ್ಬರು ಶಿಕ್ಷಕರು ಮಕ್ಕಳ ಜೊತೆಯಲ್ಲೇ ಕೂರುವ ಏರ್ಪಾಡು ಮಾಡಿದೆವು," ಎಂದರಂತೆ. ನನ್ನ ಮಟ್ಟಿಗೆ, ತಡವಾಯಿತೆಂದು ಒಪ್ಪಿಕೊಳ್ಳಬಲ್ಲ ಶಾಲೆಯನ್ನು ನಂಬಬಹುದು, ಹಾಗೆಂದು ಅವರಿಗೂ ಹೇಳಿದೆ. ತೀರ್ಮಾನ ಮಾತ್ರ ಅವರದೇ.

ಸೇರಿಸಿದರು. ಮೊದಲ ಅರ್ಧ ವರ್ಷ ಮುಗಿದ ಮೇಲೆ ಮಗಳನ್ನೂ ಕೂರಿಸಿಕೊಂಡು ಮತ್ತೆ ಯೋಚಿಸುವುದೆಂದೂ, "ಶಾಲೆ ಹೇಗಿತ್ತು?" ಎಂಬುದರ ಬದಲು "ಇವತ್ತು ಯಾರ ಪಕ್ಕ ಕೂತಿದ್ದೆ?" ಎಂದು ಕೇಳುವುದೆಂದೂ ಒಪ್ಪಿಕೊಂಡರು. ಮೆಟ್ಟಿಲಿನ ಕೆಳಗಿನ ಊಟದ ವಿಷಯವನ್ನು ತಾಯಿ ಆ ದಿನ ನನ್ನೆದುರೇ ಪತಿಗೆ ಹೇಳಿದರು. ಚಿಲಕ ಹಾಕಿಸುವ ಜವಾಬ್ದಾರಿಯನ್ನು ತಂದೆ ವಹಿಸಿಕೊಂಡರು. ಆರು ವಾರದ ನಂತರ ಫೋನ್ ಮಾಡಿದಾಗ, ಅದು ಆಯಿತೆಂದೂ ಗ್ರಂಥಾಲಯದ ಬೀಗ ಇನ್ನೂ ತೆಗೆದಿಲ್ಲವೆಂದೂ ತಿಳಿಸಿದರು.