ಹೊಸ ಕಳೆ ಬರುತ್ತಿರುವ ಹಳೇ ಪೇಟೆಯಲ್ಲಿ ಮನೆ ಕೊಂಡು ಐದು ವರ್ಷಕ್ಕೆ ಮಾರಿದರೆ ಲಾಭವಿದೆಯೇ?

ಬೀದಿಗೆ ಕಲ್ಲು ಹಾಸಿದ್ದಾರೆ, ಕೆಫೆಗಳು ಬಂದಿವೆ, 1824ಕ್ಕೂ ಹಿಂದಿನ ಮನೆಯೊಂದು ಕಡಿಮೆ ಬೆಲೆಗೆ ಸಿಗುತ್ತಿದೆ ಅಂತ ಬರೆದಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿ ಅಂಥದ್ದೇ ಮನೆ ಕೊಂಡೆ.

ಎರಡಂತಸ್ತು, ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆ. ಕಾಗದಪತ್ರ, ಪಾರಂಪರಿಕ ಕಟ್ಟಡದ ನಿಯಮ ಎಲ್ಲವನ್ನೂ ವಕೀಲರಿಂದ ನೋಡಿಸಿದ್ದೆ. ಅಲ್ಲಿ ತೊಂದರೆ ಆಗಲಿಲ್ಲ. ಕೆಳಗೆ ಮೊಣಕಾಲೆತ್ತರದವರೆಗೆ ಗಿಲಾವು ಉದುರುತ್ತಿತ್ತು. ಬೇಗ ಬಾಡಿಗೆಗೆ ಕೊಡುವ ಆತುರದಲ್ಲಿ ಒಳಗೂ ಹೊರಗೂ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿಬಿಟ್ಟೆ. ಪಕ್ಕದಲ್ಲಿ ನಲವತ್ತು ವರ್ಷದಿಂದ ಬಾಡಿಗೆಗಿದ್ದ ಅಜ್ಜಿ ಬಂದು, "ಈ ಗೋಡೆಗೆ ಸಿಮೆಂಟ್ ಬೇಡಪ್ಪಾ, ಸುಣ್ಣ ಹೊಡೆಸು ಸಾಕು" ಅಂದಿದ್ದರು. ನಾನು ಕೇಳಲಿಲ್ಲ.

ಇದನ್ನು ಬಿಡಿಸಿಯೇ ಹೇಳಬೇಕು. ಇವತ್ತು ಎಲ್ಲೆಡೆ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕೂ ಹಳೆಯ ಗೋಡೆಗಳು ಆ ಸಿಮೆಂಟನ್ನು ಕಂಡೇ ಇರಲಿಲ್ಲ. ಅಂಥ ಗೋಡೆ ನೆಲದ ತೇವವನ್ನು ಹೀರುತ್ತದೆ, ಸುಣ್ಣದ ಗಿಲಾವಿನ ಮೂಲಕ ಹಗಲೂ ರಾತ್ರಿ ಆರಿಸಿಕೊಳ್ಳುತ್ತದೆ. ಹೀರುವುದು, ಆರುವುದು ಎರಡೂ ಸಮವಾಗಿರುವ ತನಕ ಅದು ಗಟ್ಟಿ. ಸಿಮೆಂಟ್ ಬಳಿದರೆ ಆರುವ ದಾರಿ ಕಟ್ಟಿಹೋಗುತ್ತದೆ, ಹೀರುವುದು ಮಾತ್ರ ನಿಲ್ಲುವುದಿಲ್ಲ. ನೀರು ದಾರಿ ಹುಡುಕುತ್ತಾ ಮೇಲೇರುತ್ತದೆ. ಅದರ ಜೊತೆ ಬಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಗೋಡೆಯೊಳಗೆ ಕೂತ ತೊಲೆಯ ತುದಿ. ಅದು ಸದಾ ಒದ್ದೆಯಾಗಿರುತ್ತದೆ, ಶಿಲೀಂಧ್ರ ಹಿಡಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಮೂರನೇ ವರ್ಷ ಮಹಡಿಯ ನೆಲ ನಡೆದರೆ ಅದುರತೊಡಗಿತು. ಬಡಗಿ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದ, ಹಿಡಿಯ ತನಕ ಇಳಿಯಿತು. ನಾಲ್ಕು ತೊಲೆ ಬದಲಾಯಿಸಬೇಕಾಯಿತು. ಸಿಮೆಂಟ್ ಕೆತ್ತಿಸಿದರೆ ಅದರ ಜೊತೆಗೇ ಇಟ್ಟಿಗೆಯ ಮುಖವೂ ಕಿತ್ತು ಬಂತು. ಮನೆ ಕೊಂಡ ದುಡ್ಡಿನ ಅರ್ಧಕ್ಕಿಂತ ಹೆಚ್ಚು ರಿಪೇರಿಗೇ ಹೋಯಿತು.

ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿ ಸಿಗಲು ಎಂಟು ತಿಂಗಳು ಬೇಕಾಯಿತು. ಹಿಂದೆ ಅಂಥ ಇಬ್ಬರು ನಮ್ಮ ಬೀದಿಯಲ್ಲೇ ಇದ್ದರಂತೆ, ಬಾಡಿಗೆ ಏರಿದ ಮೇಲೆ ಬಿಟ್ಟು ಹೋದರು. ಅಜ್ಜಿಯೂ ಮನೆ ಬಿಟ್ಟು ಹೋದರು. ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಲಂಡನ್ನಿನ ಬೀದಿಗಳನ್ನು ನೋಡಿ, ಹಣವಂತರು ಬಂದು ಹಳಬರು ಜಾಗ ಬಿಡಬೇಕಾಗುವ ಇಂಥ ಬದಲಾವಣೆಗೆ ಜೆಂಟ್ರಿಫಿಕೇಶನ್ ಅಂತ ಹೆಸರಿಟ್ಟರು. ಆ ಬಾಡಿಗೆ ಏರಿಸಿದವರಲ್ಲಿ ನಾನೂ ಒಬ್ಬ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಐದು ವರ್ಷಕ್ಕೆ ಮಾರುವವರು ಇಂಥ ಮನೆ ಮುಟ್ಟಬಾರದು. ಮಾರುವ ಆತುರವೇ ಸಿಮೆಂಟ್ ಬಳಿಸುತ್ತದೆ. ಕಡಿಮೆ ಬೆಲೆ ಅಂತೀರಲ್ಲ, ಗೋಡೆ ಮತ್ತು ತೊಲೆಯ ಖರ್ಚು ಸೇರಿಸುವ ತನಕ ಅದು ಬೆಲೆಯೇ ಅಲ್ಲ. ಅಲ್ಲೇ ವಾಸ ಮಾಡುವ ಆಸೆಯಿದ್ದರೆ ಖಂಡಿತ ಕೊಳ್ಳಿ, ನಾನು ಈಗಲೂ ಅದೇ ಮನೆಯಲ್ಲಿದ್ದೇನೆ. ಆದರೆ ಅಡ್ವಾನ್ಸ್ ಕೊಡುವ ಮೊದಲು ಜೋರು ಮಳೆಯ ಮಾರನೆಯ ದಿನ ಹೋಗಿ ನೋಡಿ. ಹಳೇ ಕಟ್ಟಡ ರಿಪೇರಿ ಮಾಡಿ ಅನುಭವವಿರುವ ಇಂಜಿನಿಯರನ್ನು ಕರೆದೊಯ್ದು, ತೊಲೆಯ ತುದಿಗಳನ್ನು ಚುಚ್ಚಿ ನೋಡಲು ಹೇಳಿ. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಪೇಂಟ್ ಇದ್ದರೆ ಅಂಗೈಯಗಲ ಕೆತ್ತಿ ನೋಡಲು ಅನುಮತಿ ಕೇಳಿ. ಮಾಲೀಕರು ಒಪ್ಪದಿದ್ದರೆ ಆ ಮನೆ ಬಿಡಿ.